ಫರ್ನೇಸ್ ಒಳಗೆ ಬರಬಹುದೇ?

ಬ್ಲೂಟೂತ್ ತೆರೆದಿಟ್ಟ ಫೋನಿಗೂ ಬಾಗಿಲು ತೆರೆದಿಟ್ಟ ಮನೆಗೂ ಹೆಚ್ಚು ವ್ಯತ್ಯಾಸವಿಲ್ಲ. ಯಾರು ಬರುತ್ತಾರೆಂದು ಹೇಳಲಾಗದು. ಪೀಣ್ಯದ ಕಾರ್ಖಾನೆಯಲ್ಲಿ ಟ್ರೈನಿಯಾಗಿದ್ದಾಗ ನನಗಿದು ಮತ್ತೆ ಮತ್ತೆ ಮನವರಿಕೆಯಾಯಿತು.

ಲೋಹ ಕಾಯಿಸುವ ಫರ್ನೇಸಿಗೆ ನಾನೊಂದು ಪುಟ್ಟ ಪೆಟ್ಟಿಗೆ ಜೋಡಿಸಿದ್ದೆ. ಒಳಗಿನ ತಾಪಮಾನವನ್ನು ಅದು ಬ್ಲೂಟೂತ್ ಮೂಲಕ ನನ್ನ ಫೋನಿಗೆ ಕಳಿಸಬೇಕು. ಮ್ಯಾನೇಜರ್ ಹೇಳಿದ್ದರು: "ಕಸ್ಟಮರ್ ಬಂದ ದಿನ ಇದು ಕೆಲ್ಸ ಮಾಡಿದ್ರೆ ನೀನು ಪರ್ಮನೆಂಟ್. ಇಲ್ದಿದ್ರೆ ಬೇರೆ ಕಡೆ ನೋಡ್ಕೊ."

೧. ಮೊದಲ ಅತಿಥಿಗಳು

ಯಾರು ಸಂಪರ್ಕಿಸಿದರೂ ಒಪ್ಪಿಕೊಳ್ಳುವಂತೆ ಫೋನನ್ನು ಹೊಂದಿಸಿದ್ದೆ. ಒಂದೇ ಗಂಟೆಯಲ್ಲಿ ಎರಡು ಭಕ್ತಿಗೀತೆ, ಒಂದು ನಾಮಕರಣದ ಆಮಂತ್ರಣ, ಫರ್ನೇಸ್ ಆಪರೇಟರ್ ಕೊಂಡ ಹೊಸ ಬೈಕಿನ ಹದಿನಾಲ್ಕು ಫೋಟೊ ಬಂದವು. ತಾಪಮಾನ ಬರಲಿಲ್ಲ.

"ಏನಣ್ಣ ಇದು?" ಎಂದು ಆಪರೇಟರನ್ನು ಕೇಳಿದೆ.

"ಬಾಗ್ಲು ತೆಗ್ದಿತ್ತು, ಬಂದ್ವಿ. ಬೈಕ್ ಎಂಗೈತೆ ಹೇಳು ಗುರು!"

೨. ಓನರ್ ಪ್ರಶ್ನೆಗಳು

ಪ್ರತಿ ಸಲ ಅನುಮತಿ ಕೇಳುವಂತೆ ಬದಲಿಸಿದೆ. ಆ ಸಂಜೆ ರಾಜಗೋಪಾಲನಗರದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಫೋನ್ ಬೀಪ್ ಎಂದಿತು. ಪಕ್ಕದಲ್ಲಿ ಮನೆ ಓನರ್. ತಮ್ಮ ರಾಗಿ ಹೊಲದಲ್ಲೇ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು.

"ಏನಂತೆ ಅದು?"

"ಯಾರೋ ಸಂಪರ್ಕ ಕೇಳ್ತಿದಾರೆ ಸಾರ್. ಒಳಗೆ ಬಿಡ್ಲಾ ಅಂತಿದೆ."

"ಯಾವೂರೋರು? ಎಷ್ಟ್ ಜನ? ನೀರು ಜಾಸ್ತಿ ಖರ್ಚು ಮಾಡ್ತಾರಾ?"

"ಹೆಸರು ಮಾತ್ರ ಗೊತ್ತಾಗತ್ತೆ ಸಾರ್."

"ಬರೀ ಹೆಸ್ರು ಕೇಳ್ಕೊಂಡು ಒಳೀಕ್ ಬುಡೋದಾ? ನಾನು ಒಂದೇ ಸಲ ಅಂಗ್ ಬುಟ್ಟಿದ್ದು. ಬಂದೋನು ನೀನು."

೩. ಫರ್ನೇಸ್ ಬಂತು

ಅವರ ಮಾತು ಕೇಳಬೇಕಿತ್ತು. ಮರುದಿನ ಪೆಟ್ಟಿಗೆಗೆ 'ಫರ್ನೇಸ್' ಎಂದು ಹೆಸರಿಟ್ಟು ಎಲ್ಲರ ಮುಂದೆ ಸಾರಿದೆ: "ಇನ್ಮೇಲೆ 'ಫರ್ನೇಸ್' ಅನ್ನೋ ಹೆಸರು ಬಂದ್ರೆ ಮಾತ್ರ ಒಪ್ಕೋತೀನಿ."

ಕಸ್ಟಮರ್ ಬಂದರು. ಫೋನ್ ಮೇಜಿನ ಮೇಲಿಟ್ಟೆ. ಐದು ನಿಮಿಷವಾದರೂ ಸದ್ದಿಲ್ಲ. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಬೀಪ್: "ಫರ್ನೇಸ್ ಸಂಪರ್ಕ ಬಯಸುತ್ತಿದೆ." ಒಪ್ಪಿದೆ.

ಬಂದದ್ದು ಅಂಕಿಯಲ್ಲ, ಫೋಟೊ. ಫರ್ನೇಸಿನ ತಾಪಮಾನ ತೋರಿಸುವ ಡಯಲು, ಅದರ ಗಾಜಿನ ಮೇಲೊಂದು ಹೆಬ್ಬೆರಳು, ಪಕ್ಕದಲ್ಲಿ ಅರ್ಧ ಕುಡಿದ ಟೀ ಲೋಟ.

ಪೆಟ್ಟಿಗೆಯ ವೈರು ಕಿತ್ತುಹೋಗಿತ್ತು. ಅದನ್ನು ನೋಡಿದ ಆಪರೇಟರ್ ನನ್ನನ್ನು ಉಳಿಸಲು ತನ್ನ ಫೋನಿಗೇ 'ಫರ್ನೇಸ್' ಎಂದು ಹೆಸರಿಟ್ಟು, ಡಯಲಿನ ಫೋಟೊ ತೆಗೆದು ಕಳಿಸಿದ್ದ.

ಕಸ್ಟಮರ್ ಎದ್ದುಹೋಗಿ ಕಿತ್ತ ವೈರನ್ನೂ ಡಯಲನ್ನೂ ನೋಡಿ ಬಂದರು. ಅಂಕಿ ಸರಿಯಾಗಿತ್ತು. "ವೈರು ಹೋದ್ರೂ ರೀಡಿಂಗ್ ಬರತ್ತೆ ಅಂದ್ರೆ ಒಳ್ಳೇದೇ ಬಿಡಿ," ಎಂದು ಜೋರಾಗಿ ನಕ್ಕರು. ಮ್ಯಾನೇಜರ್ ನಗಲಿಲ್ಲ.

ಮರುವಾರ ಕೆಲಸ ಖಾಯಮಾದ ಪತ್ರ ಬಂತು. ಕೆಳಗೆ ಮ್ಯಾನೇಜರ್ ಕೈಬರಹದಲ್ಲಿ ಒಂದು ಸಾಲು: "ಇನ್ನು ಮುಂದೆ ಫರ್ನೇಸಿಗೆ ಟೀ ಕೊಡಿಸುವುದು ನಿಮ್ಮ ಜವಾಬ್ದಾರಿ."