ಗಂಟಲಿಲ್ಲದ ವಾದ್ಯ

ಬೇಸುರಾಗಿ ನುಡಿಸುವವರನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನನ್ನ ತಮ್ಮ ಅವರಿಗಿಂತ ಮೇಲು. ಸದ್ದೇ ಬಾರದ ವಾದ್ಯವನ್ನು ಅವನು ವರ್ಷಗಟ್ಟಲೆ ನುಡಿಸಿದ. ಅವನ ಕಛೇರಿಯಲ್ಲಿ ಅಪಸ್ವರ ಕೇಳಿತೆಂದು ಹೊಳೆನರಸೀಪುರದಲ್ಲಿ ಇವತ್ತಿನವರೆಗೂ ಯಾರೂ ದೂರಿಲ್ಲ.

ಬೆಂಗಳೂರಿನ ಸ್ಟುಡಿಯೋದವರೊಬ್ಬರು ಹಳೆಯದಾಯಿತೆಂದು ಮಾರಿದ್ದನ್ನು ಅವನು ಹೊತ್ತು ತಂದಿದ್ದ. ಸೂಟ್‌ಕೇಸಿನಷ್ಟಗಲದ ಕಪ್ಪು ಹಲಗೆ, ಅದರ ಮೇಲೆ ಎಂಟು ರಬ್ಬರ್ ಚೌಕ. ಅದಕ್ಕೆ ಪ್ಯಾಡ್ ಅನ್ನುತ್ತಾರಂತೆ. ಕೋಲಿನಲ್ಲಿ ಬಡಿದರೆ ಒಂದು ಚೌಕ ತಬಲ, ಇನ್ನೊಂದು ಡೋಲು, ಮತ್ತೊಂದು ತಾಳ. ಹೀಗೆಂದು ಬಸ್ಸಿನವರಿಗೆಲ್ಲ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಅಮ್ಮ ಅದಕ್ಕೆ ಅರಿಶಿನ ಕುಂಕುಮವಿಟ್ಟು ಮಂಗಳಾರತಿ ಎತ್ತಿದಳು. ಬೀದಿಯವರೆಲ್ಲ ಬಂದು ಕೂತರು. ತಮ್ಮ ಕಣ್ಣು ಮುಚ್ಚಿ ಕೋಲೆತ್ತಿ ಹೊಡೆದ.

ಟಪ್.

ದಿಂಬಿಗೆ ಹೊಡೆದ ಹಾಗೆ. ಎಂಟೂ ಚೌಕಕ್ಕೆ ಹೊಡೆದ. ಎಂಟೂ ಟಪ್.

"ಕರೆಂಟ್ ಓಗೈತೇನೋ ನೋಡ್ಲಾ," ಎಂದರು ಎದುರು ಅಂಗಡಿಯವರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಹಾಸನದಲ್ಲಿ ಆರ್ಕೆಸ್ಟ್ರಾ ನಡೆಸುವವರೊಬ್ಬರು ಆಮೇಲೆ ಗುಟ್ಟು ಬಿಡಿಸಿದರು. ಈ ಹಲಗೆಯಲ್ಲಿ ಸದ್ದೇ ಇಲ್ಲ. ಬಿದ್ದ ಪೆಟ್ಟನ್ನು ತಂತಿಯಲ್ಲಿ ಕಳಿಸುವುದಷ್ಟೇ ಇದರ ಕೆಲಸ. ಸದ್ದು ಇರುವುದು ಇನ್ನೊಂದು ಡಬ್ಬಿಯಲ್ಲಿ. ಅದನ್ನು ಬೇರೆಯಾಗಿ ಕೊಳ್ಳಬೇಕು.

ನಮ್ಮಪ್ಪ ಮೇಷ್ಟರು. ವಿಚಾರಣೆ ನಡೆಸದೆ ಬಿಡುವವರಲ್ಲ.

"ತೆಂಗಿನಕಾಯಿ ಕೊಳ್ಳೋರೂ ತಟ್ಟಿ ನೋಡ್ತಾರಲ್ಲೋ."

"ತಟ್ಟಿದೆ ಅಪ್ಪ. ಅಲ್ಲಿ ಸದ್ದು ಬಂತು."

"ಅಲ್ಲಿ ಯಾಕೆ ಬಂತು?"

"ಡಬ್ಬಿ ಅಲ್ಲಿತ್ತು."

"ಅಂದ್ರೆ ಕೈ ತಂದೆ, ಗಂಟಲು ಬಿಟ್ಟು ಬಂದೆ."

ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಟ್ಟಕ್ಕೆ ಹಾಕುತ್ತಿದ್ದರು. ಇವನು ಬೆಳಗ್ಗೆ ಸ್ನಾನ ಮಾಡಿ ಅದರ ಮುಂದೆ ಕೂತುಬಿಟ್ಟ! ಟಪ ಟಪ ಟಪ. ಸಂಗೀತವೆಲ್ಲ ಅವನ ತಲೆಯೊಳಗೆ, ನಮ್ಮ ಪಾಲಿಗೆ ರಬ್ಬರು. ಹಲಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲೂ ಅಭ್ಯಾಸ ಮಾಡುತ್ತಿದ್ದ. ಒಮ್ಮೆ ರಾಮನಾಥಪುರದ ಹೊಗೆಸೊಪ್ಪಿನ ರೈತರೊಬ್ಬರು ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿ, "ಎಷ್ಟು ದಿನದಿಂದ ಇಂಗೆ ಸಾ? ನಮ್ಮೂರ ತಾವ ಔಷ್ದಿ ಕೊಡೋರವ್ರೆ, ಬರ್ತೀರಾ?" ಎಂದು ಕೇಳಿದರಂತೆ.

ಆ ಕಛೇರಿಗೆ ಇದ್ದ ಒಬ್ಬಳೇ ಶ್ರೋತೃ ನಾನು. ಗಣಿತ ಕೈಕೊಟ್ಟು ಎಸ್ಸೆಸ್ಸೆಲ್ಸಿಗೇ ಮನೆಯಲ್ಲಿ ಕೂತವಳಿಗೆ ಬೇರೆ ಕೆಲಸವೇನಿತ್ತು? "ಕೇಳಿಸ್ತಾ ಅಕ್ಕ?" ಅನ್ನುತ್ತಿದ್ದ. ಮೊದಮೊದಲು ಸುಮ್ಮನೆ ಹೂಂ ಅಂದೆ. ಆಮೇಲೆ ಯಾವ ಚೌಕ ಏನೆಂದು ಬಾಯಿಪಾಠವಾಯಿತು. ಒಂದು ದಿನ "ಈ ಸಲ ತಾಳ ತಡವಾಯ್ತು ಕಣೋ," ಎಂದೆ. ಕೋಲು ಕೆಳಗಿಟ್ಟು ನನ್ನನ್ನೇ ನೋಡಿದ. "ಹೌದಕ್ಕ, ತಡವಾಯ್ತು." ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಇನ್ನೊಂದು ಸಲ ನೋಡಿಲ್ಲ. ನೋಡುವ ಹಾಗೆ ನಡೆದುಕೊಂಡೂ ಇಲ್ಲ.

ಹಾಸನದ ಆರ್ಕೆಸ್ಟ್ರಾದವರ ಹತ್ತಿರ ಡಬ್ಬಿಯಿತ್ತು, ಹೊಡೆಯುವವನಿರಲಿಲ್ಲ. ತಮ್ಮ ಅಲ್ಲಿ ಸೇರಿಕೊಂಡ. ಅರಕಲಗೂಡಿನ ಗಣಪತಿ ಪೆಂಡಾಲಿನಲ್ಲಿ ಡಬ್ಬಿಯ ಗುಂಡಿ ಯಾರೋ ತಿರುಗಿಸಿಬಿಟ್ಟಿದ್ದರು. ಇವನು ದೇವರನಾಮಕ್ಕೆ ತಬಲದ ಚೌಕ ಮುಟ್ಟಿದರೆ ನಾಯಿ ಬೊಗಳಿತು! ಪಕ್ಕದ ಚೌಕದಲ್ಲಿ ಕುದುರೆ ಓಡಿತು. ನಡುವೆ ನಿಲ್ಲಿಸಿದರೆ ಅಪಚಾರವೆಂದು ಇವನು ನಾಯಿಯನ್ನು ತಾಳಕ್ಕೆ ಸರಿಯಾಗಿ ಬೊಗಳಿಸಿ ಹಾಡು ಮುಗಿಸಿದ. ಜನ ಅದನ್ನೇ ಇನ್ನೊಮ್ಮೆ ಬಾರಿಸು ಅಂದರಂತೆ.

ನಗುತ್ತಿದ್ದೀರಿ. ನಾನೂ ನಗುತ್ತಿದ್ದೆ, ಚನ್ನರಾಯಪಟ್ಟಣದಿಂದ ನನ್ನನ್ನು ನೋಡಲು ಬರುವವರೆಗೆ.

ಗಂಡಿನ ಕಡೆ ಎಲ್ಲರೂ ಸಂಬಳದವರು. ಕೋಣೆಯೊಳಗೆ ಟಪ ಟಪ ನಡೆದಿತ್ತು. ಹುಡುಗನ ತಾಯಿ, "ಏನಮ್ಮ ಅದು ಸದ್ದು?" ಎಂದರು.

"ಪಕ್ಕದ ಮನೇಲಿ ಮೆಣಸಿನಪುಡಿ ಕುಟ್ತಿದಾರೆ," ಎಂದೆ.

"ನಿನಗೊಬ್ಬ ತಮ್ಮ ಇದಾನಂತಲ್ಲ?"

"ಬೊಂಬಾಯಲ್ಲಿದಾನೆ. ಎಲೆಕ್ಟ್ರಾನಿಕ್ಸ್ ಕಂಪನಿ."

ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ನನ್ನ ಮುಖ ನೋಡಿ, ಉಪ್ಪಿಟ್ಟಿನ ತಟ್ಟೆಯನ್ನು ಬಂದವರ ಕಡೆ ಸರಿಸಿದರು. ಒಳಗೆ ಮೆಣಸಿನಪುಡಿ ಕುಟ್ಟುವುದು ಅಲ್ಲಿಗೇ ನಿಂತಿತು.

ಅವರು ಹೋದ ಮೇಲೆ ತಮ್ಮ ಹೊರಗೆ ಬಂದು ಉಳಿದ ಉಪ್ಪಿಟ್ಟು ತಿಂದ. "ಬೊಂಬಾಯಲ್ಲಿ ಯಾವ ಏರಿಯಾ ಅಕ್ಕ? ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ," ಎಂದ. ಬೈದಿದ್ದರೆ ಚೆನ್ನಾಗಿತ್ತು.

ಮದುವೆಯಲ್ಲಿ ನನ್ನ ಬೊಗಸೆಗೆ ಅರಳು ಸುರಿಯಬೇಕಾದವನು ಅವನು. ಚಿಕ್ಕಪ್ಪನ ಮಗ ಸುರಿದ. ತಮ್ಮನಿಗೆ ಕಂಪನಿಯಲ್ಲಿ ರಜೆ ಸಿಗಲಿಲ್ಲವೆಂದು ನಾನೇ ಎಲ್ಲರಿಗೂ ಹೇಳಿದೆ. ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಏನು ಮಹಾ ದೂರ? ಆದರೂ ಸುಳ್ಳು ಉಳಿಯಿತು, ಅವನೇ ಉಳಿಸಿದ. ನನ್ನ ಗಂಡನ ಮನೆಯ ಕಡೆ ಒಮ್ಮೆಯೂ ಸುಳಿಯಲಿಲ್ಲ.

ಕೆಲವು ವರ್ಷದ ಮೇಲೆ ನನ್ನ ನಾದಿನಿಯ ಮದುವೆ. ಆರತಕ್ಷತೆಗೆ ಹಾಸನದ ಆರ್ಕೆಸ್ಟ್ರಾ ಗೊತ್ತು ಮಾಡಿದ್ದರು. ಪರದೆ ಸರಿದರೆ ಪ್ಯಾಡಿನ ಹಿಂದೆ ಅವನು, ಮಿಂಚುವ ಅಂಗಿ ಹಾಕಿಕೊಂಡು. ನನ್ನನ್ನು ಕಂಡೊಡನೆ ತಲೆ ತಗ್ಗಿಸಿದ. ಹಾಡುಗಳ ನಡುವೆ ಕೆಳಗಿಳಿದು ಬಂದು, ನನ್ನ ಗಂಡನ ಎದುರಿಗೇ, "ಮೇಡಂ, ಹುಡುಗರಿಗೆ ಕುಡಿಯೋಕೆ ನೀರು ಕೊಡಿಸ್ತೀರಾ?" ಎಂದ. ನಾನು ಕೊಡಿಸಿದೆ. ಯಾವ ಹುಡುಗರೋ ಏನೋ ಎಂಬಂತೆ ಕೊಡಿಸಿದೆ.

ಬಾರಿಸುವವರಿಗೆ ಊಟ ಕೊನೇ ಪಂಕ್ತಿಯಲ್ಲಿ. ಬಡಿಸುವವರು ಕಡಿಮೆ ಬಿದ್ದು ತುಪ್ಪದ ಗಿಂಡಿ ನನ್ನ ಕೈಗೆ ಬಂತು. ಅವನ ಎಲೆಯ ಮುಂದೆ ನಿಂತೆ. ಬೆರಳ ಗಂಟುಗಳೆಲ್ಲ ಜಡ್ಡುಗಟ್ಟಿದ್ದವು. ಹೋಳಿಗೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು ಮೇಡಂ," ಎಂದ.

ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ನಮ್ಮತ್ತೆಯ ದನಿ ಬಂತು.

"ಸ್ವಂತ ತಮ್ಮನ್ನ ತಂದು ಕೊನೇ ಪಂಕ್ತಿಲಿ ಕೂರಿಸಿದೀಯಲ್ಲಮ್ಮ, ಇದೇನು ಬಂತು ನಿನಗೆ?"

ಅತ್ತೆಗೆ ಯಾವಾಗಿನಿಂದ ಗೊತ್ತಿತ್ತೋ ನಾನು ಕೇಳಲಿಲ್ಲ. ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ನಾನು ಯಾರಿಗೆ ಹೆದರಿ ಅವನನ್ನು ಇಷ್ಟು ವರ್ಷ ಬೊಂಬಾಯಿಗೆ ಅಟ್ಟಿದ್ದೆನೋ ಅವರಿಗೆ ಅವನು ಯಾವತ್ತೂ ಬೇಡವಾಗಿರಲಿಲ್ಲ. ಬೇಡವಾಗಿದ್ದದ್ದು ನನಗೊಬ್ಬಳಿಗೆ.

ತಮ್ಮ ತಲೆಯೆತ್ತಲಿಲ್ಲ. "ನಾನೇ ಹುಡುಗರ ಜೊತೆ ಕೂತ್ಕೋತೀನಿ ಅಂದೆ ಅಮ್ಮ. ಅಕ್ಕಂದೇನೂ ತಪ್ಪಿಲ್ಲ," ಎಂದ.

ಆ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಎಲೆ ಕಾಣಿಸಲಿಲ್ಲ. ಅಡ್ಡ ಹಿಡಿದಿದ್ದ ಅವನ ಕೈ ಮೇಲೆಯೇ ತುಪ್ಪ ಸುರಿಯುತ್ತಿದ್ದೆ. ಅವನು ಕೈ ತೆಗೆಯಲಿಲ್ಲ.