ಹತ್ತಕ್ಕೆ ಎಷ್ಟು ಬೇಸರ?

ಮನೆ ಮನೆಗೆ ಹೋಗಿ "ನಿಮಗೆ ಎಷ್ಟು ಬೇಸರ?" ಎಂದು ಕೇಳುವ ಕೆಲಸ ಸಿಕ್ಕಾಗ ನನ್ನ ಗಂಡ, "ನೀನೂ ಅಳ್ತಾ ಬರ್ತೀಯ ನೋಡ್ತಿರು" ಎಂದಿದ್ದರು. ಹಾಗೇನೂ ಆಗಲಿಲ್ಲ. ಬೀರೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಇಳಿಯುವಷ್ಟರಲ್ಲಿ ಏನಾದರೊಂದು ಆಗಿಯೇ ಇರುತ್ತದೆ, ನಾನು ಕಿಟಕಿ ಪಕ್ಕ ಒಬ್ಬಳೇ ನಗುತ್ತಾ ಕೂತಿರುತ್ತೇನೆ. ಕಂಡಕ್ಟರಿಗೆ ಈಗ ನನ್ನ ಮೇಲೆಯೇ ಅನುಮಾನ.

ನಾನು ನರ್ಸು. ನಮ್ಮ ಡಾಕ್ಟರಮ್ಮ ಸಕ್ಕರೆ ಕಾಯಿಲೆಯವರ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ. ಮನಸ್ಸು ಸರಿಯಿಲ್ಲದವರು ಮಾತ್ರೆ ಸರಿಯಾಗಿ ನುಂಗುತ್ತಾರಾ, ಅವರ ಗಾಯ ಬೇಗ ಮಾಯುತ್ತದಾ ಎಂಬುದು ಅವರ ಪ್ರಶ್ನೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಮಿಷನ್ನು ಹೇಳುತ್ತದೆ. ನೋವು, ನಿದ್ದೆ, ಬೇಸರ ಎಷ್ಟು ಎಂದು ರೋಗಿಯೇ ಹೇಳಬೇಕು, ಸೊನ್ನೆಯಿಂದ ಹತ್ತರೊಳಗೆ. ಅದರಲ್ಲೂ ಅಜ್ಜಂಪುರದ ಕಡೆಯ ಒಬ್ಬ ಯಜಮಾನರ ವಿಷಯದಲ್ಲಿ ಡಾಕ್ಟರಮ್ಮ ನನಗೆ ಕಟ್ಟುನಿಟ್ಟಾಗಿ ಹೇಳಿದ್ದರು: "ಕಾಲ್ಬೆರಳಿನ ಗಾಯ ಮಾಯ್ತಾ ಇಲ್ಲ. ಮಾತ್ರೆ ನುಂಗ್ತಿಲ್ಲ ಅಂತ ನನ್ನ ಗುಮಾನಿ. ಹೀಗೇ ಬಿಟ್ರೆ ಬೆರಳು ತೆಗೀಬೇಕಾಗುತ್ತೆ. ಯಾಕೆ ಅಂತ ತಿಳ್ಕೊಂಡು ಬಾ."

ತಿಳಿದುಕೊಂಡು ಬರುವುದು ಸುಲಭವೇ? ನಮ್ಮ ಕಡೆಯವರು ಎಂಥವರು ಅಂತ ಮೊದಲು ಕೇಳಿ.

ತರೀಕೆರೆಯ ಮೇಷ್ಟ್ರು

ರಿಟೈರಾದ ಮೇಷ್ಟ್ರು, ಸಕ್ಕರೆ ಕಾಯಿಲೆಯಿಂದ ಪಾದ ಉರಿ. "ಸಾರ್, ಉರಿಯೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ನಿಮಗೆಷ್ಟು?" ಎಂದೆ.

ಅವರು ಕನ್ನಡಕ ಮೇಲೇರಿಸಿದರು. "ಮಲಗೋಕೇ ಬಿಡಲ್ಲಮ್ಮ. ಒದ್ದೆ ಬಟ್ಟೆ ಸುತ್ಕೊಂಡು ಕೂತಿರ್ತೀನಿ. ಖಂಡಿತ ತಡೆಯೋಕಾಗಲ್ಲ."

"ಹಾಗಾದ್ರೆ ಹತ್ತು ಬರ್ಕೊಳ್ಳಲಾ ಸಾರ್?"

"ಛೆ ಛೆ! ನನ್ನ ಸರ್ವೀಸಲ್ಲೇ ಯಾವನಿಗೂ ಹತ್ತಕ್ಕೆ ಹತ್ತು ಕೊಟ್ಟೋನಲ್ಲ. ಕೊಬ್ಬಿ ಹೋಗ್ತವೆ. ಏಳು ಹಾಕು. ಮುಂದಿನ ಸಲ ಇನ್ನೂ ಚೆನ್ನಾಗಿ ಉರಿದ್ರೆ ನೋಡೋಣ."

ಅಮೃತಾಪುರದ ಅತ್ತೆ ಸೊಸೆ

ಇಲ್ಲಿ ರೋಗಿ ಅತ್ತೆ. ಮನಸ್ಸಿಗೆ ಬೇಸರ ಉಂಟಾ ಎಂದು ಕೇಳುವ ಹೊತ್ತಿಗೆ ಸೊಸೆ ಕಾಫಿ ಹಿಡಿದು ಬಂದು ಅಲ್ಲೇ ನಿಂತಳು. ಅತ್ತೆ ಮುಖ ಅರಳಿಸಿ, "ಬೇಸರವಾ? ಇಂಥಾ ಸೊಸೆ ಇರುವಾಗ ನಂಗೆಂಥ ಬೇಸರ ಕಣವ್ವ!" ಎಂದರು. ನಾನು ಸೊನ್ನೆ ಬರೆದೆ. ಅತ್ತೆ ಕಾಫಿ ಕುಡಿದು, "ಸಕ್ಕರೆ ಒಂಚೂರು ಕಮ್ಮಿ ಕಣೇ, ಇವ್ರಿಗೆ ತಗಂಬಾ" ಎಂದು ಸೊಸೆಯನ್ನು ಒಳಗೆ ಕಳಿಸಿದರು. ಅವಳು ಮರೆಯಾದ ಕೂಡಲೇ ನನ್ನ ಮೊಣಕೈ ತಿವಿದು, "ಅದನ್ನ ಹೊಡೆದಾಕಿ ಆರು ಮಾಡು, ಬೇಗ" ಎಂದರು.

ಮಾಡಿದೆ. ಹೊರಟಾಗ ಸೊಸೆ ಗೇಟಿನವರೆಗೂ ಓಡಿ ಬಂದಳು. "ಅಕ್ಕಾ, ನಂಗೆ ಸಕ್ಕರೆ ಕಾಯಿಲೆ ಇಲ್ಲ, ಗೊತ್ತು. ಆದ್ರೂ ನಮ್ಮತ್ತೆ ಎಷ್ಟೇ ಹೇಳಿರ್ಲಿ, ಅದ್ರ ಮೇಲೆ ಒಂದು ಜಾಸ್ತಿ ನಂಗೆ ಬರ್ಕೊಳ್ರಿ."

ಎಲ್ಲಾ ಸೊನ್ನೆ

ಈಗ ಅಜ್ಜಂಪುರದ ಯಜಮಾನರು. ಬಾಳೆಲ್ಲ ದನದ ವ್ಯಾಪಾರದಲ್ಲಿ ದಲ್ಲಾಳಿ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕಾಲಿಗೆ ಬ್ಯಾಂಡೇಜು. ಜಗಲಿಯಲ್ಲಿ ಹೆಂಡತಿ, ಪಕ್ಕದ ಮನೆಯವರು, ಎದುರುಮನೆಯವರು, ಎಲ್ಲರೂ ಹಾಜರು.

"ನೋವು?" "ಸೊನ್ನೆ." "ಬೇಸರ?" "ಸೊನ್ನೆ." "ನಿದ್ದೆ ಬರಲ್ಲ ಅನ್ನೋದು ಏನಾದ್ರೂ?" "ಸೊನ್ನೆ, ಸೊನ್ನೆ." ಮಾತ್ರೆ ತಪ್ಪದೆ ನುಂಗ್ತಾರಂತೆ. ಹೆಂಡತಿ ಏನೋ ಹೇಳಲು ಬಾಯಿ ತೆರೆದವರು, ಜನರ ಮುಖ ನೋಡಿ ಎದ್ದು ಒಳಗೆ ಹೋದರು.

ನನಗೆ ಸಿಟ್ಟು ಬಂತು. "ಎಲ್ಲಾ ಸೊನ್ನೆ ಆದ್ರೆ ಆಸ್ಪತ್ರೆಗೆ ಯಾಕೆ ಬರ್ತೀರಾ ಯಜಮಾನ್ರೇ?"

"ಡಾಕ್ಟರಮ್ಮ ಪಾಪ ಒಂದೇ ರೂಮಲ್ಲಿ ಒಬ್ರೇ ಕೂತಿರ್ತಾರೆ. ಮಾತಾಡಿಸ್ಕಂಡು ಬರಾನ ಅಂತ."

ಜಗಲಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವತ್ತು ಬಸ್ಸಿನಲ್ಲಿ ಮಾತ್ರ ಆ ಬೆರಳು ನೆನೆದು ನಗು ಬರಲಿಲ್ಲ.

ಟವೆಲ್ಲಿನ ಕೆಳಗೆ

ಎರಡನೇ ಸಲ ಹೋದಾಗ ಪುಣ್ಯಕ್ಕೆ ಜಗಲಿ ಖಾಲಿ. ಹೆಂಡತಿಯೊಬ್ಬರೇ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗಾಯ ನೋಡಿದೆ, ಹೆಚ್ಚಾಗಿತ್ತು. ಯಜಮಾನರು ಮತ್ತೆ "ಸೊನ್ನೆ" ಎಂದರು. ನನಗೆ ತಡೆಯಲಾಗಲಿಲ್ಲ. "ಬೆರಳು ಹೋಗುತ್ತೆ ಯಜಮಾನ್ರೇ! ಬಾಯಲ್ಲಿ ಹೇಳೋಕೆ ನಾಚಿಕೆಯಾದ್ರೆ ಇನ್ನು ಹೇಗಾದ್ರೂ ಹೇಳಿ!"

ಅವರು ಒಮ್ಮೆ ಹೆಂಡತಿಯ ಕಡೆ ನೋಡಿದರು. ಹೆಗಲಿನ ಟವೆಲ್ಲು ತೆಗೆದರು. "ಕೈ ಕೊಡವ್ವ" ಎಂದು ನನ್ನ ಕೈ ಹಿಡಿದು ಮೇಲೆ ಟವೆಲ್ಲು ಹೊದಿಸಿದರು.

ದನದ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹೀಗೆ. ಟವೆಲ್ಲಿನ ಕೆಳಗೆ ಕೊಳ್ಳುವವರ ಬೆರಳು ಹಿಡಿದು ದರ ಹೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಬೇಸರ ಎಷ್ಟು ಎಂದೆ. ಐದೂ ಬೆರಳು ಒಟ್ಟಿಗೆ ಅದುಮಿ ಬಿಟ್ಟರು. ಮತ್ತೆ ಮೂರು ಬೆರಳು ಹಿಡಿದರು. ಎಂಟು! ಮುಖದಲ್ಲಿ ಮಾತ್ರ ಅದೇ ನಗು. ದಿನಾ ಮಾತ್ರೆ ಎಷ್ಟು ನುಂಗ್ತೀರಿ ಎಂದೆ. ಒಂದು ಬೆರಳೂ ಹಿಡಿಯಲಿಲ್ಲ.

"ಯಾಕೆ?" ಎಂದು ಮೆಲ್ಲಗೆ ಕೇಳಿದೆ.

"ನನ್ ಜೊತೆ ದಲ್ಲಾಳಿ ಮಾಡ್ತಿದ್ದೋನು ಒಬ್ಬ ಇದ್ದ. ಅವಂಗೂ ಇದೇ ಕಾಯಿಲೆ. ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ತಿಂಡಿ ತಿಂದು ಇಬ್ರೂ ಎದುರುಬದುರು ಕೂತು ನುಂಗ್ತಿದ್ವಿ. ಹೋದ ವರ್ಷ ಹೋಗ್ಬಿಟ್ಟ. ಈಗ ಮಾತ್ರೆ ಕೈಗೆ ತಗಂಡ್ರೆ ಅವನೇ ಕಾಣ್ತಾನೆ. ಗಂಟ್ಲಲ್ಲಿ ಇಳಿಯಾಕಿಲ್ಲ ಕಣವ್ವ."

ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವರೆಕಾಯಿ ಮೊರ ಬದಿಗಿಟ್ಟು ಹೆಂಡತಿ ಎದ್ದು ಬಂದರು. "ಸುತ್ತೇಳು ಊರ ದನದೋರ ಬೆರಳೆಲ್ಲ ಹಿಡಿದ್ರಿ. ಈಗ ನರ್ಸಮ್ಮಂದೂ ಹಿಡಿದಾಯ್ತು. ನನ್ ಕೈ ಏನ್ ಪಾಪ ಮಾಡಿತ್ತು?" ನನ್ನನ್ನು ಆಚೆ ಸರಿಸಿ, ತಾವೇ ಕೂತು ಟವೆಲ್ಲಿನೊಳಗೆ ಕೈ ತೂರಿಸಿದರು.

ಯಜಮಾನರು ಕಕ್ಕಾಬಿಕ್ಕಿ. ಸ್ವಲ್ಪ ಹೊತ್ತು ಟವೆಲ್ಲು ಅಲುಗಾಡಿತು. ಮೊದಲು ಹೆಂಡತಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ತಮ್ಮ ಬೇಸರ ಎಷ್ಟೆಂದು ಬೆರಳು ಹಿಡಿದು ಹೇಳುವ ಸರದಿ ಹೆಂಡತಿಯದು. ಯಜಮಾನರು ಗಾಬರಿಯಾಗಿ, "ಲೇ, ಇಷ್ಟೊಂದಾ? ಯಾಕೇ?" ಎಂದರು.

"ಇನ್ನೇನ್ರೀ? ನೀವು ಬಾಯಿ ಬಿಡದೆ ಕೂತ್ರೆ ನಾನ್ಯಾರ ಹತ್ರ ಹೇಳ್ಕಳ್ಳಿ? ನಂಗೂ ಬೀಪಿ ಮಾತ್ರೆ ಐತೆ. ಅಡಿಗೆಮನೇಲಿ ಒಬ್ಳೇ ನಿಂತು ನುಂಗ್ತೀನಿ."

ಯಜಮಾನರು ಟವೆಲ್ಲಿನ ತುದಿಯಿಂದ ಹೆಂಡತಿಯ ಕಣ್ಣೊರೆಸಿದರು. "ಇಬ್ರುದೂ ಇಲ್ಲೇ ತಗಂಬಾ" ಎಂದರು. ಎದುರುಬದುರು ಕೂತು ನುಂಗಿದರು. ನಾನು ಕಾವಲು ನಿಂತಿದ್ದೆ.

ಕೆಲವು ವಾರ ಕಳೆದು ಇಬ್ಬರೂ ಆಸ್ಪತ್ರೆಗೆ ಬಂದರು. ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ, ಬಾಗಿ ನೋಡಿ, "ಗಾಯ ಒಣಗ್ತಾ ಇದೆ. ಬೆರಳು ಉಳೀತು" ಎಂದರು. ಗೋಡೆ ಕಡೆ ತಿರುಗಿ ನಾನು ಕಣ್ಣೊರೆಸಿಕೊಂಡೆ. ಡಾಕ್ಟರಮ್ಮ ನಗುತ್ತಾ, "ಸರಿ ಯಜಮಾನ್ರೇ, ಈಗ ಬೇಸರ ಎಷ್ಟು?" ಎಂದರು. ತಕ್ಷಣ ಟವೆಲ್ಲು ಕೆಳಗಿಳಿಯಿತು, ಗಂಡ ಹೆಂಡತಿ ಇಬ್ಬರ ಕೈಗಳೂ ಒಳಗೆ ಹೋದವು. ಡಾಕ್ಟರಮ್ಮ ಕಾದರು. ಹೊರಗೆ ಕ್ಯೂ ಬೆಳೆಯಿತು. ಟವೆಲ್ಲು ಇನ್ನೂ ಅಲುಗುತ್ತಲೇ ಇತ್ತು.

"ಏನಮ್ಮಾ, ಇಷ್ಟು ಹೊತ್ತು?"

"ಒಸಿ ತಡೀರಿ ಡಾಕ್ಟರಮ್ಮ" ಎಂದರು ಹೆಂಡತಿ, ಕೈ ಬಿಡದೆ. "ಇವ್ರು ನಾಕಕ್ಕೇ ನಿಂತವ್ರೆ, ನಾನು ಮೂರಕ್ಕೆ ಇಳಿಸ್ತಾ ಇದೀನಿ."