ನೀರು ಯಾವತ್ತು ಬರುತ್ತದೆ?

ನೀರು ಬರುವ ದಿನ ಬೆಳಗಿನ ನಾಲ್ಕಕ್ಕೆ ನಲ್ಲಿಯಲ್ಲಿ ಗಾಳಿ ಸುಂಯ್ಗುಡುವ ಮೊದಲೇ ಎದ್ದು ಸಂಪಿನ ಮುಚ್ಚಳ ಸರಿಸುವುದು. ಡ್ರಮ್ಮು, ಎರಡು ಕೊಡ, ಹಿತ್ತಾಳೆ ಹಂಡೆ ತುಂಬಿಸುವುದು. ಮೋಟಾರು ಹಾಕಿ, ಮೇಲಿನ ಟ್ಯಾಂಕು ತುಂಬುವಷ್ಟರಲ್ಲಿ ಡಿಕಾಕ್ಷನ್ ಇಳಿಸುವುದು, ಚಪಾತಿಗೆ ಕಲೆಸುವುದು, ಗಂಡ ಭಾರ್ಗವನ ಡಬ್ಬಿಗೆ ಹುರುಳಿಕಾಯಿ ಹೆಚ್ಚುವುದು. ಮೋಟಾರು ಆರಿಸುವುದು. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ. ಐದೂಕಾಲಿಗೆ ಬೂಟಿನ ಲೇಸು ಬಿಗಿದು ಹೊಸಕೆರೆಹಳ್ಳಿ ಕೆರೆ ಕಡೆಯ ಮೈದಾನಕ್ಕೆ ಓಡುವುದು. ಅಲ್ಲಿ ಒಂದೂವರೆ ಗಂಟೆ ಜನರನ್ನು ಕೆಡವುವುದು, ಜನರಿಂದ ಕೆಡವಿಸಿಕೊಳ್ಳುವುದು. ಪ್ರಕೃತಿಯ ದಿನದಲ್ಲಿ ವಿಶ್ರಾಂತಿ ಎನ್ನಬಹುದಾದದ್ದು ಆ ಒಂದೂವರೆ ಗಂಟೆ ಮಾತ್ರ.

2009ರ ಜೂನ್ ತಿಂಗಳ ಆ ಬೆಳಗ್ಗೆ ಬನಶಂಕರಿ ಮೂರನೇ ಹಂತದ ಮನೆಗೆ ಅವಳು ವಾಪಸಾದಾಗ ಮೊಣಕಾಲಿನ ಮಣ್ಣು ತೊಳೆಯುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಪಾಸ್‌ಪೋರ್ಟ್ ತನಿಖೆಗೆಂದು ಹೆಡ್ ಕಾನ್‌ಸ್ಟೇಬಲ್ ಯಲ್ಲಪ್ಪ ಆಗಲೇ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಎರಡು ಅರ್ಜಿ, ಒಂದು ಹೆಂಡತಿಯದು, ಒಂದು ಗಂಡನದು. ಗಂಡ ಹೆಗಲ ಮೇಲಿನ ಟವೆಲ್ಲು ಬೀಸುತ್ತ ಜಗಳ ಶುರುಮಾಡಿಯೇಬಿಟ್ಟಿದ್ದ.

ಭಾರ್ಗವ: ಉದ್ಯೋಗ ಅನ್ನೋ ಕಡೆ ಗೃಹಿಣಿ ಅಂತ ನೀಟಾಗಿ ಬರೆದಿದ್ದೆ. ಅದನ್ನ ಹೊಡೆದುಹಾಕಿ ರಗ್ಬಿ ಆಟಗಾರ್ತಿ ಅಂತ ಯಾಕೆ ಬರೆದೆ?

ಪ್ರಕೃತಿ: ನೀವು ನಿಮ್ಮ ಅರ್ಜೀಲಿ ಏನು ಬರೆದ್ರಿ?

ಭಾರ್ಗವ: ಇನ್ಶೂರೆನ್ಸ್ ಆಫೀಸರ್.

ಪ್ರಕೃತಿ: ಸಂಬಳ ಬರೋದನ್ನ ಬರೆದ್ರಿ. ನಾನೂ ಸಂಬಳ ಬರೋದನ್ನೇ ಬರೆದೆ.

ಭಾರ್ಗವ: ಎಲ್ಲಿ ಬಂತು ಸಂಬಳ?

ಪ್ರಕೃತಿ: ಜುಲೈ ಒಂದರಿಂದ ಬರುತ್ತೆ. ಹಾಂಗ್‌ಕಾಂಗ್ ಕ್ಲಬ್ಬು, ಆರು ತಿಂಗಳ ಕಾಂಟ್ರ್ಯಾಕ್ಟು. ಒಂದನೇ ತಾರೀಕು ನಾನು ಅಲ್ಲಿರದಿದ್ರೆ ಬೇರೆ ಹುಡುಗೀನ ತಗೋತಾರೆ. ಸಾರ್, ಅಷ್ಟರೊಳಗೆ ಪಾಸ್‌ಪೋರ್ಟ್ ಆಗುತ್ತಲ್ಲ?

ಯಲ್ಲಪ್ಪ: ತಡೀರಿ ಅಮ್ಮಾರ. ರಗ್ಬಿ ಅಂದ್ರೇನು ಮೊದಲ ಹೇಳ್ರಿ.

ಪ್ರಕೃತಿ: ಏಳೇಳು ಜನ ಆಡ್ತೀವಿ ಸಾರ್. ಚೆಂಡು ಮೊಟ್ಟೆ ಥರ ಇರುತ್ತೆ. ಅದನ್ನ ಹಿಡ್ಕೊಂಡು ಮುಂದಕ್ಕೆ ಓಡ್ಬೇಕು. ಆದ್ರೆ ಕೈಯಿಂದ ಜೊತೆಯವರಿಗೆ ಕೊಡೋದು ಮಾತ್ರ ಹಿಂದಕ್ಕೇ.

ಯಲ್ಲಪ್ಪ: ಮುಂದ ಓಡೂದು, ಹಿಂದ ಕೊಡೂದು. ನಮ್ಮ ಫೈಲ್ ಇದ್ದಂಗ ಆತು. ಓಡವ್ರನ್ನ ಏನ್ ಮಾಡ್ತಾರ?

ಪ್ರಕೃತಿ: ಹಿಡಿದು ಕೆಡವ್ತಾರೆ.

ಯಲ್ಲಪ್ಪ: ಕೇಸ್ ಆಗಂಗಿಲ್ಲೇನ್ರಿ?

ಪ್ರಕೃತಿ: ಸೊಂಟ ಹಿಡಿದ್ರೆ ಆಗಲ್ಲ. ಕುತ್ತಿಗೆ ಹಿಡಿದ್ರೆ ಆಗುತ್ತೆ.

ಯಲ್ಲಪ್ಪ ಅದನ್ನು ಬರೆದುಕೊಂಡರು. ಆಮೇಲೆ ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದು ಕನ್ನಡಕ ಸರಿಮಾಡಿಕೊಂಡರು.

ಯಲ್ಲಪ್ಪ: ಎದುರಮನಿ ಮರುಳಸಿದ್ದಪ್ಪನವರ ಹೇಳಿಕೆ ತಗೊಂಡೇ ಬಂದೀನಿ. ಕೇಳ್ರಿ. "ಸದರಿ ಮಹಿಳೆಯು ದಿನಂಪ್ರತಿ ಕತ್ತಲಿರುವಾಗಲೇ ಮನೆಯಿಂದ ಓಡಿಹೋಗುತ್ತಾರೆ. ಏಳು ಗಂಟೆಯ ಸುಮಾರಿಗೆ ಮೈಯೆಲ್ಲ ಮಣ್ಣಾಗಿ ಕುಂಟುತ್ತಾ ವಾಪಸಾಗುತ್ತಾರೆ. ಗಂಡ ಸಾಧು ಮನುಷ್ಯನಂತೆ ಕಾಣುತ್ತಾನೆ. ಆದರೆ ನೋಡಿ ಹೇಳುವಂತಿಲ್ಲ."

ಭಾರ್ಗವ: ನೋಡಿ ಹೇಳುವಂತಿಲ್ಲ ಅಂದ್ರೆ ಏನರ್ಥ?

ಯಲ್ಲಪ್ಪ: ಅಮ್ಮಾರ, ನಿಮ್ಮ ಕಣ್ಣಿನ ಕೆಳಗ ನೀಲಿ ಆಗೇತಲ್ಲ, ಏನದು?

ಪ್ರಕೃತಿ: ಮಂಡ್ಯ.

ಭಾರ್ಗವ: ಸಾರ್, ಮಂಡ್ಯದ ಹುಡುಗಿ ಮೊಣಕೈ ಸಾರ್ ಅದು! ನಾನಲ್ಲ! ಲೇ, ಸರಿಯಾಗಿ ಹೇಳೇ.

ಪ್ರಕೃತಿ: ಇವರಲ್ಲ ಸಾರ್. ಇವರು ಆರೂವರೆಗೆ ಮುಂಚೆ ಏಳಲ್ಲ.

ಆ ಸಾಕ್ಷ್ಯ ಯಲ್ಲಪ್ಪನವರಿಗೆ ಸಾಕೆನಿಸಿತು. ಪ್ರಕೃತಿ ಒಳಗೆ ಹೋಗಿ ಕಾಫಿ ತಂದಳು, ಮೂರು ಲೋಟ. ತನ್ನ ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅದು ಅಲ್ಲೇ ಆರಿತು.

ಯಲ್ಲಪ್ಪ: ಆಟ ಅವರದು. ನೀವ್ಯಾಕ ಅರ್ಜಿ ಹಾಕೀರಿ ಸಾಹೇಬ್ರ?

ಭಾರ್ಗವ: ಒಬ್ಬಳನ್ನೇ ಕಳಿಸ್ಬಾರ್ದು ಅಂತ ನಮ್ಮಮ್ಮ ಕಡ್ಡಿ ಮುರಿದ ಹಾಗೆ ಹೇಳಿದಾರೆ. ನಾನು ರಜ ಹಾಕಿ ಕರ್ಕೊಂಡು ಹೋಗಿ, ಜಾಗ ನೋಡಿ, ಒಂದು ತಿಂಗಳು ಜೊತೇಲಿದ್ದು ಬರ್ತೀನಿ. ಹೋದ್ರೆ ಇಬ್ರೂ. ಇಲ್ಲಾಂದ್ರೆ ಇಲ್ಲ.

ಪ್ರಕೃತಿ: ಆ ಒಂದು ತಿಂಗಳು ನಿಮಗೆ ಅಡುಗೆ?

ಭಾರ್ಗವ: ನೀನಿರ್ತೀಯಲ್ಲ.

ಯಲ್ಲಪ್ಪ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

ಯಲ್ಲಪ್ಪ: ಈಗ ತನಿಖೆ. ಈ ವಿಳಾಸದಾಗ ನೀವು ಖರೇನ ಇರ್ತೀರೋ ಇಲ್ಲೋ ನೋಡಬೇಕು. ನಾ ಕಾಗದ ಆಮ್ಯಾಲ ನೋಡ್ತೀನಿ. ಹದಿನಾರು ವರ್ಷದಿಂದ ನಂದು ಒಂದ ಪ್ರಶ್ನಿ. ನೀರು ಯಾವತ್ತು ಬರ್ತಾವ?

ಭಾರ್ಗವ: ನಲ್ಲಿ ತಿರುಗಿಸಿದ್ರೆ ಬರುತ್ತೆ.

ಯಲ್ಲಪ್ಪ: ಯಾವತ್ತು ಅಂತ ಕೇಳಿದ್ನಿ.

ಭಾರ್ಗವ: ಯಾವತ್ತು ತಿರುಗಿಸಿದ್ರೂ ಬರುತ್ತೆ ಸಾರ್.

ಯಲ್ಲಪ್ಪ: ಹಾಲು ಹಾಕಾಂವ ಯಾರು?

ಭಾರ್ಗವ: ಹಾಲು ಫ್ರಿಜ್ಜಲ್ಲಿರುತ್ತೆ.

ಯಲ್ಲಪ್ಪ: ಕಸದ ಗಾಡಿ ಎಷ್ಟೊತ್ತಿಗೆ?

ಭಾರ್ಗವ: ನಮ್ಮನೇಲಿ ಕಸಾನೇ ಇರಲ್ಲ ಸಾರ್. ನಾನಂತೂ ಒಂದಿನಾನೂ ನೋಡಿಲ್ಲ.

ಯಲ್ಲಪ್ಪ ಪೆನ್ನಿನ ಮುಚ್ಚಳ ಹಾಕಿದರು.

ಯಲ್ಲಪ್ಪ: ಮಡಿವಾಳದ ಲಾಡ್ಜಿನಾಗ ಇರವ್ರೂ ಇದ ಉತ್ತರ ಕೊಡ್ತಾರ. ಅಮ್ಮಾರ, ನೀವು ಹೇಳ್ರಿ.

ಪ್ರಕೃತಿ: ನೀರು ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ನಾಲ್ಕಕ್ಕೆ. ಐದಕ್ಕೆ ನಿಲ್ಲುತ್ತೆ. ಹಾಲು ಸೀನು ತರ್ತಾನೆ, ಭಾನುವಾರ ಅರ್ಧ ಗಂಟೆ ಲೇಟು. ಕಸದ ಗಾಡಿ ಒಂಬತ್ತೂಕಾಲು. ಸೋಮವಾರ ಬರಲ್ಲ.

ಯಲ್ಲಪ್ಪ: ಇವರದು ಪಾಸ್. ನಿಮ್ಮದು ಹಿಂಗ ಬರೀಬೇಕಾಗ್ತೈತಿ ಸಾಹೇಬ್ರ. "ಅರ್ಜಿದಾರರು ಸದರಿ ವಿಳಾಸದಲ್ಲಿ ತಾತ್ಕಾಲಿಕವಾಗಿ ತಂಗಿರುವಂತೆ ಕಂಡುಬರುತ್ತದೆ."

ಭಾರ್ಗವ: ತಂಗಿರೋದಾ? ಇದು ನಮ್ಮಪ್ಪ ಕಟ್ಟಿಸಿದ ಮನೆ! ಅಲ್ಲ ಸಾರ್, ನಿಮ್ಮನೇಲಿ ನೀರು ಯಾವತ್ತು ಬರುತ್ತೆ, ಹೇಳಿ ನೋಡೋಣ.

ಯಲ್ಲಪ್ಪ ಖಾಲಿ ಲೋಟವನ್ನೇ ಎತ್ತಿ ಒಂದು ಗುಟುಕು ಕುಡಿದರು.

ಯಲ್ಲಪ್ಪ: ನಾ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಲ್ರಿ.

ಭಾರ್ಗವ: ಅದೆಲ್ಲ ಬೇಡ. ಕಾಗದ ಇದ್ರೆ ತಾನೆ? ಗ್ಯಾಸ್ ಬುಕ್ಕು ನನ್ನ ಹೆಸರಲ್ಲೇ ಇದೆ. ಈಗಲೇ ತರ್ತೀನಿ.

ಅವನು ಅಡುಗೆಮನೆಗೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಒಂದು ಡಬ್ಬದ ಮುಚ್ಚಳ ಉರುಳಿದ ಸದ್ದಾಯಿತು. ಇನ್ನೊಂದು ಡಬ್ಬ ತೆರೆದ ಸದ್ದು. ಯಾವುದನ್ನೂ ಮುಚ್ಚಿದ ಸದ್ದು ಕೇಳಲಿಲ್ಲ. ಗ್ಯಾಸ್ ಬುಕ್ಕು ನಾಲ್ಕು ವರ್ಷದಿಂದ ಅಕ್ಕಿ ಡಬ್ಬದ ಹಿಂದೆ, ಮೊಳೆಗೆ ತೂಗುಹಾಕಿದ ಬಟ್ಟೆಚೀಲದಲ್ಲಿತ್ತು. ಅದನ್ನು ಹೇಳಲು ಪ್ರಕೃತಿಯ ಬಾಯಿ ತಾನಾಗಿಯೇ ತೆರೆಯಿತು. ಅದರ ಅಭ್ಯಾಸವೇ ಹಾಗೆ.

ಯಲ್ಲಪ್ಪ: ಅಮ್ಮಾರ, ಒಂಬತ್ತಕ್ಕ ನಾ ಠಾಣೆದಾಗ ಇರಬೇಕು. ಇಬ್ಬರದೂ ಒಂದ ಲಕೋಟೆದಾಗ ಹಾಕಲೇನು? ಬ್ಯಾರೆ ಬ್ಯಾರೆ ಹಾಕಲೇನು?

ಪ್ರಕೃತಿ: ಒಂದೇ ಲಕೋಟೆ ಆದ್ರೆ ಏನಾಗುತ್ತೆ?

ಯಲ್ಲಪ್ಪ: ಅವರದು ಸರಿ ಆಗೂತನಕ ನಿಮ್ಮದೂ ನಿಲ್ತೈತಿ. ತಿಂಗಳ ಹಿಡೀಬಹುದು. ಬ್ಯಾರೆ ಆದ್ರ ನಿಮ್ಮದು ಇವತ್ತ ಹೋಗ್ತೈತಿ. ಯಾರನ್ನರೆ ಕೇಳೂದಿದ್ರ ಕೇಳ್ಕೊಂಡು ಬರ್ರಿ.

ಅಡುಗೆಮನೆಯಲ್ಲಿ ಏನೋ ಚೆಲ್ಲಿತು. ಸದ್ದಿನಲ್ಲೇ ಅವಳಿಗೆ ತಿಳಿಯಿತು, ಸಾಸಿವೆ. ಎರಡು ದಿನ ಗುಡಿಸಿದರೂ ಮೂಲೆಯಲ್ಲಿ ಉಳಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಹಾಳೆಯ ಕೆಳಗಿಂದ ಜುಲೈ ಹಾಳೆಯ ತುದಿ ಇಣುಕುತ್ತಿತ್ತು. ಪ್ರಕೃತಿ ತೆರೆದ ಬಾಯನ್ನು ಮುಚ್ಚಿದಳು. ಆರಿದ ಕಾಫಿ ಎತ್ತಿ ಒಂದೇ ಗುಟುಕಿಗೆ ಕುಡಿದಳು.

ಪ್ರಕೃತಿ: ಬೇರೆ ಬೇರೆ ಹಾಕಿ ಸಾರ್.

ಯಲ್ಲಪ್ಪ: ಹೊಡೆದು ತಿದ್ದೀರಲ್ಲ, ಗೃಹಿಣಿ ಅನ್ನೂದು, ಅದರ ಮಗ್ಗಲಕ ಒಂದು ಸಹಿ ಬೇಕು.

ಅವಳು ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದಳು. ಯಲ್ಲಪ್ಪ ಅವಳ ಲಕೋಟೆ ಅಂಟಿಸಿ ಬ್ಯಾಗಿಗೆ ಹಾಕಿಕೊಂಡರು. ಭಾರ್ಗವನದನ್ನು ತೆರೆದೇ ಬಿಟ್ಟು ಟೀಪಾಯಿಯ ಮೇಲಿಟ್ಟು, ಟೋಪಿ ಹಾಕಿಕೊಂಡು ಹೊರಟರು.

ಭಾರ್ಗವ (ಅಡುಗೆಮನೆಯಿಂದ): ಪ್ರಕೃತೀ, ಗ್ಯಾಸ್ ಬುಕ್ಕು ಎಲ್ಲಿಟ್ಟಿದೀಯೇ?

ಪ್ರಕೃತಿ: ಹುಡುಕಿ ರೀ. ಆರು ತಿಂಗಳು ಟೈಮಿದೆ.